ಮನಿ ಮಂದಿ ಗ್ರೂಪಿನಾಗ ಗೇಮಿನ ಕೀಲಿ ಜಗಳ

ದೊಡ್ಡ ಕಾಕಾ (ಫಾರ್ವರ್ಡ್): ತುರ್ತು ಸೂಚನೆ!! ಕಳ್ಳ ಕಾಪಿ ಗೇಮ್ ಆಡುವವರ ಕಂಪ್ಯೂಟರ್ ಇಂದು ರಾತ್ರಿ 12ಕ್ಕೆ ತಾನಾಗಿಯೇ ಲಾಕ್ ಆಗುತ್ತದೆ. 10 ವರ್ಷ ಜೈಲು. ಕೂಡಲೇ ಎಲ್ಲರಿಗೂ ಕಳುಹಿಸಿ.

ದೊಡ್ಡ ಕಾಕಾ: ಕಿರಣ, ಓದು ಇದನ್ನ. ನನ್ನ ಮೊಮ್ಮಗಗ ಗೇಮ್ ಹಚ್ಚಿ ಕೊಟ್ಟಾಂವ ನೀನ.

ಶಶಿ ಕಾಕಿ: ಅಯ್ಯ ದೇವರ! ಇವತ್ತು ಲ್ಯಾಪ್‌ಟಾಪಿನಾಗ ಕರೆಂಟ್ ಬಿಲ್ ಕಟ್ಟೂದೈತಿ. ಲಾಕ್ ಆದ್ರ ಹೆಂಗ?

ಶ್ರೀಧರ: ಎಲ್ಲಿಂದ ಬಂತು ಇದು? ಯಾವ ಇಲಾಖೆ? ತಾರೀಖಿಲ್ಲ, ಸಹಿ ಇಲ್ಲ.

ದೊಡ್ಡ ಕಾಕಾ: ನಮ್ಮ ವಾಕಿಂಗ್ ಗ್ರೂಪಿನಾಗ ಬಂದೈತಿ. ಅಲ್ಲಿ ರಿಟೈರ್ಡ್ ಹೆಡ್ ಮಾಸ್ತರು ಅದಾರ, ಸುಳ್ಳು ಹಾಕಂಗಿಲ್ಲ.

ಶ್ರೀಧರ: ಕಾಪಿರೈಟ್ ಕಾಯ್ದೆ 1957ರದ್ದು. ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದ್ರ 63ಬಿ ಕಲಮು, 7 ದಿನದಿಂದ 3 ವರ್ಷ. ಕಾಪಿ ಮಾಡಬಾರ್ದಂತ ಕಂಪನಿಯಾವರು ಹಾಕಿದ ಕೀಲಿನ ಕದಿಯೂ ಸಲುವಾಗಿ ಮುರಿದ್ರ 65ಎ, 2012ರಾಗ ಸೇರ್ಸಿದ್ದು, 2 ವರ್ಷದ ತನಕ. 10 ವರ್ಷ ಎಲ್ಲಿಂದ ತಂದ್ರು ಕೇಳ್ರಿ ಮಾಸ್ತರಿಗೆ.

ದೊಡ್ಡ ಕಾಕಾ: ಎರಡಿರಲಿ ಹತ್ತಿರಲಿ, ಜೈಲು ಜೈಲ. ನಾವು ಚಿಣಿಫಣಿ ಆಡಿ ದೊಡ್ಡಾವರಾದ್ವಿ. ಯಾರದೂ ಕದಿಲಿಲ್ಲ.

ಕಿರಣ: ಕಾಕಾ, ಹುಡುಗಗ ಹಚ್ಚಿಕೊಟ್ಟಿದ್ದು ರೊಕ್ಕ ಕೊಟ್ಟು ತಂದ ಗೇಮ್. ಕೀಲಿ ಇಲ್ಲದ ಗೇಮ್ ಮಾರೂ ಜಿಓಜಿ ಅಂತ ಪೋಲಂಡಿನ ಅಂಗಡಿ 2008ರಿಂದ ಐತಿ, ಹುಡುಕಿ ಅಲ್ಲಿಂದನ ತಂದೀನಿ. ಬಿಲ್ ಐತಿ. ಯಾಕ ಹಂಗ ಹುಡುಕಿದೆ ಅಂದ್ರ, 2007ರಾಗ ಆರು ತಿಂಗಳ ರೊಕ್ಕ ಕೂಡಿಸಿ ಹುಬ್ಬಳ್ಳಿ ಕೊಪ್ಪಿಕರ್ ರೋಡಿಗೆ ಹೋಗಿ ಒರಿಜಿನಲ್ ಡಿಸ್ಕ್ ತಂದಿದ್ದೆ. ಒಂದು ಗೀರು ಬಿದ್ದಿಲ್ಲ, ಇವತ್ತು ನಡ್ಯಂಗಿಲ್ಲ. ಆ ಕಾಲದ ಕೀಲಿಗೆ ವಿಂಡೋಸ್ ಒಳಗ ಅದರದ ಒಂದು ಡ್ರೈವರ್, ಅಂದ್ರ ಸಣ್ಣ ಸಾಫ್ಟ್‌ವೇರ್, ಕುಂದರಬೇಕಿತ್ತು. ಸೇಫ್‌ಡಿಸ್ಕ್ ಅಂತ ಭಾಳ ಗೇಮಿಗೆ ಹಾಕ್ತಿದ್ದ ಕೀಲಿ ಆ ನಮೂನಿದು. ಅದರಿಂದ ಕಂಪ್ಯೂಟರಿನ ಸುರಕ್ಷತಾಕ್ಕ ಧಕ್ಕಿ ಐತಿ ಅಂತ ಮೈಕ್ರೋಸಾಫ್ಟ್ 2015ರಾಗ ವಿಂಡೋಸ್ 10ಕ್ಕ ಅದನ್ನ ಬಿಟ್ಟುಕೊಳ್ಳಲಿಲ್ಲ. ಅದು ಸರೀನ. ಆದ್ರ ಕೀಲಿ ಹಾಕಿದಾವರು ಕೀಲಿಕೈ ಕೊಟ್ಟು ಹೋಗಬೇಕಿತ್ತಲ್ಲ?

ಶಶಿ ಕಾಕಿ: ಇಷ್ಟುದ್ದ ಬರದ್ರ ಯಾರು ಓದಬೇಕೋ ತಮ್ಮಾ. ನಮ್ಮ ಲ್ಯಾಪ್‌ಟಾಪ್ ಲಾಕ್ ಆಗತೈತೋ ಇಲ್ಲೋ, ಅಷ್ಟ ಹೇಳು.

ದೊಡ್ಡ ಕಾಕಾ: ಕೀಲಿ ಇರೂದು ಕಳ್ಳರ ಸಲುವಾಗಿ. ಸಾಚಾ ಇದ್ದಾಂವಗ ಏನು ತ್ರಾಸು?

ಕಿರಣ: ತ್ರಾಸೆಲ್ಲಾ ಸಾಚಾ ಇದ್ದಾಂವಗನ ಕಾಕಾ. ಕಳ್ಳ ಕಾಪಿಯೊಳಗ ಕೀಲಿ ಕಿತ್ತೇ ಮಾರ್ತಿದ್ರು. 50 ರೂಪಾಯಿ ಕೊಟ್ಟು ಅದನ್ನ ತಂದ ಗೆಳ್ಯಾ ಆರಾಮ ಆಡಿದ. ನಾ ಪ್ರತಿ ಸಲ ಡಿಸ್ಕ್ ಹಾಕಿ, ಅದು ಹೌದನ್ನೂ ತನಕಾ ಕಾಯಬೇಕಿತ್ತು.

ಸುಮಕ್ಕ: ಆ ಗೇಮಿನ ಹೆಸರು ತಗೀಬ್ಯಾಡ ನನ್ನ ಮುಂದ. ನನ್ನ ಮದುವಿ ಫೋಟೋ ಸಿಡಿ ಎಂಟು ಮನಿಗೆ ಕೊಡೂದಿತ್ತು. ಅದನ್ನ ಕಾಪಿ ಮಾಡೂ ಸಾಫ್ಟ್‌ವೇರನ್ನ ನೀ ಕಿತ್ತೊಗದಿ. "ಒಂದು ಸಿಡಿ ಕೊಡೂದು ಆಗ್ಲಿಲ್ಲೇನು ನಿಮ್ಮ ತವರುಮನ್ಯಾವರಿಗೆ" ಅಂತ ಅತ್ತಿಯಾವರ ಕಡಿಂದ ಎರಡು ವರ್ಷ ಕೇಳಿಸಿಕೊಂಡೀನಿ.

ಕಿರಣ: ಅಕ್ಕ, ಅದು ಇರೂ ತನಕಾ ಗೇಮ್ ಶುರುನ ಆಗ್ತಿದ್ದಿಲ್ಲ. ಒರಿಜಿನಲ್ ಡಿಸ್ಕಿನಾಗ ಬೇಕಂತಲೇ ಕೆಲವು ಜಾಗಾ ಕೆಡಿಸಿಟ್ಟಿರ್ತಿದ್ರು, ಸಾದಾ ಕಾಪಿಯೊಳಗ ಅದು ಮೂಡ್ತಿದ್ದಿಲ್ಲ. ಅದನ್ನೂ ನಕಲು ಮಾಡೂ ಸಾಫ್ಟ್‌ವೇರ್ ಕಂಪ್ಯೂಟರಿನಾಗ ಕಂಡ್ರ, ಗೇಮ್ ನಿಂತಬಿಡ್ತಿತ್ತು. ನಾವು ಅದರಾಗ ಮದುವಿ ಫೋಟೋ ಕಾಪಿ ಮಾಡ್ತೀವಿ ಅಂತ ಅದಕ್ಕೇನು ಗೊತ್ತು.

ದೊಡ್ಡ ಕಾಕಾ: ಅಂದ್ರ ಆವತ್ತು ಕಂಪ್ಯೂಟರ್ ಕೆಡಿಸಿದಾಂವ ನೀನ ಅಂತ ಒಪ್ಪಿದಿ. ನಮ್ಮಣ್ಣ ಬಡದಿದ್ದು ಬರೋಬರಿ ಆತು.

ಕಿರಣ: ಬಡದಿದ್ದು ಕಳ್ಳ ಸಿಡಿ ತಂದಾನ ಅಂತ. ತಂದಿದ್ದು ಒರಿಜಿನಲ್. ಆ ಮಾತು ಇವತ್ತಿಗೂ ಯಾರೂ ಅಂದಿಲ್ಲ.

ಪಮ್ಮಿ: ಪಡಸಾಲ್ಯಾಗ ಆ ಕಂಪ್ಯೂಟರಿಗೆ ಅಮ್ಮನ ಹಳೇ ಇಳಕಲ್ ಸೀರಿ ಹೊಚ್ಚಿರ್ತಿದ್ವಿ, ನೆನಪೈತೇನು? ಕರೆಂಟ್ ಹೋದ್ರ ಯುಪಿಎಸ್ ಕುಂಯ್ ಅಂತಿತ್ತು, ಅಜ್ಜ ಬೆಕ್ಕು ಬಂತಂತ ಓಡಿಸಾಕ ಬರ್ತಿದ್ದ. ಸುಟಿಯಾಗ ನಾಲ್ಕೂ ಮಂದಿ ಪಾಳಿ ಹಚ್ಚಿ ಆಡೂದು, ಲೈನ್ ಬಜಾರ್ ಪೇಢೆ ತಿಂದ ಕೈಲೆ ಕೀಬೋರ್ಡ್ ಮುಟ್ಟಿ ಬೈಸ್ಕೊಳ್ಳೂದು.

ಸುಮಕ್ಕ: ಪಾಳಿ ಯಾವಾಗ ಹಚ್ಚಿದ್ರಿ? ನನಗ ಒಂದಿನಾನೂ ಕೊಡ್ಲಿಲ್ಲ.

ಶ್ರೀಧರ: ಕಿರಣ ಹೇಳೂದು ಗೇಮಿಗಷ್ಟ ಅಲ್ಲ. 2005ರಾಗ ಸೋನಿ ಬಿಎಂಜಿ ಅನ್ನೂ ಹಾಡಿನ ಕಂಪನಿ ತನ್ನ ಸಿಡಿಯೊಳಗ ಇಂಥದ ಸಾಫ್ಟ್‌ವೇರ್ ಹಾಕಿತ್ತು. ಅದು ಮಾಲಕಗ ಕಾಣದಂಗ ಅಡಗಿ ಕುಂತು ವೈರಸ್ಸಿಗೂ ದಾರಿ ಮಾಡ್ತು. ಸಿಡಿ ವಾಪಸ್ ತಗೊಂಡ್ರು.

ದೊಡ್ಡ ಕಾಕಾ: ಈಗ ನಾ ಕೇಳ್ತೀನಿ. ಎಲ್ಲಿಂದ ಬಂತು ಇದು?

ಶ್ರೀಧರ: ಅಮೇರಿಕಾದಾಗ ಕೋರ್ಟಿಗೇ ಹೋಗೇತ್ರಿ ಕಾಕಾ.

ದೊಡ್ಡ ಕಾಕಾ: ನಮ್ಮ ಮಾಸ್ತರು ಹೇಳಿದ್ರ ಸುಳ್ಳು, ನೀ ಹೇಳಿದ್ರ ಕೋರ್ಟು. ಹೊಲದ ವಾಟ್ನಿಯೊಳಗೂ ನಿಮ್ಮಪ್ಪ ಹಿಂಗ ಮಾತಾಡಿದ್ದ.

ಶ್ರೀಧರ: ಹೊಲ ಇಲ್ಲಿ ಯಾಕ ಬಂತು?

ಕಿರಣ: ಹೊಲದ ಮಾತು ಬಿಡ್ರಿ, ಇದನ್ನ ಕೇಳ್ರಿ. ಈಗ ಡಿಸ್ಕೂ ಇಲ್ಲ, ಕೀಲಿ ಇಂಟರ್ನೆಟ್ಟಿನಾಗ ಐತಿ. ದಿ ಕ್ರೂ ಅಂತ ಕಾರಿನ ಗೇಮ್, ಒಬ್ಬನ ಆಡಿದ್ರೂ ಇಂಟರ್ನೆಟ್ಟಿನಾಗ ಕಂಪನಿಯ ಕಂಪ್ಯೂಟರ್, ಅಂದ್ರ ಸರ್ವರ್, ಬೇಕಿತ್ತು. 2024ರ ಮಾರ್ಚ್ 31ಕ್ಕ ಅದರ ಕಂಪನಿ ಯೂಬಿಸಾಫ್ಟ್ ಸರ್ವರ್ ಬಂದ್ ಮಾಡ್ತು. ಕೊಂಡಾವರ ಕೈಯಾಗ ಏನೂ ಉಳೀಲಿಲ್ಲ. ರೊಕ್ಕ ತಗೊಂಡ ಮ್ಯಾಲೆ ಅದು ಕೊಂಡಾವರದ್ದು, ಇಷ್ಟ ನಾ ಹೇಳೂದು.

ಶಶಿ ಕಾಕಿ: ಕಾರೂ ಲಾಕ್ ಆಗತೈತೇನು?

ಸುಮಕ್ಕ: ಕಿರಣ, ಆ ಫೋಟೋ ಸಿಡಿ ಎಲ್ಲೈತಿ ಈಗ?

ಕಿರಣ: ಗೇಮಿನ ಡಿಸ್ಕಿನ ಜೋಡಿ ಅದ ಡಬ್ಬಿಯಾಗ. ಹೋದ ವಾರ ಹಾಕಿ ನೋಡೀನಿ. ಫೋಟೋ ಎಲ್ಲಾ ತೆರೀತಾವ.

ಸುಮಕ್ಕ: ಇಷ್ಟು ವರ್ಷ ಆದ ಮ್ಯಾಲೆ ಈಗ ಹೇಳ್ತಿ? ಹಾಕು ಗ್ರೂಪಿಗೆ, ಈಗಿಂದೀಗ.

ಪಮ್ಮಿ: ಅಮ್ಮನ ಫೋಟೋ ಮೊದಲ ಹಾಕೋ ಅಣ್ಣಾ. ನೆಲ್ಲಿ ಬಣ್ಣದ ಸೀರಿ ಉಟ್ಟಿದ್ದು.

ಶಶಿ ಕಾಕಿ: 12 ಆಗೂದ್ರಾಗ ನಾ ಬಿಲ್ ಕಟ್ಟಿ ಬರ್ತೀನಿ.