ದದ್ದು ಎದ್ದಿದೆ, ರಕ್ತದ ರಿಪೋರ್ಟ್ ನೆಗೆಟಿವ್. ಮತ್ತೆ ಟೆಸ್ಟ್ ಬೇಕಾ?

ಮಗಳಿಗೆ 6 ವರ್ಷ. ನಾಲ್ಕು ದಿನ ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಕಿವಿಯ ಹಿಂದಿನಿಂದ ದದ್ದು ಶುರುವಾಯಿತು. ಮಾರನೇ ದಿನವೇ ದಡಾರದ ಐಜಿಎಂ (ಹೊಸ ಸೋಂಕಿಗೆ ಮೈ ಮೊದಲು ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ನೋಡುವ ಟೆಸ್ಟ್) ಮಾಡಿಸಿದೆವು, ನೆಗೆಟಿವ್. ಡಾಕ್ಟರ್ ಮತ್ತೆ ಟೆಸ್ಟ್ ಅಂತಾರೆ. ಸುಮ್ನೆ ಇನ್ನೊಂದು ಸಲ ಸೂಜಿ ಚುಚ್ಚಿಸಬೇಕಾ? ಯಾರಿಗಾದರೂ ಹೀಗಾಗಿದೆಯಾ?

— ನಮ್ಮ ಮಗನಿಗೂ ಹೀಗೇ ಆಗಿತ್ತು. ದದ್ದು ಎದ್ದ ಮೊದಲ 3 ದಿನದಲ್ಲಿ ಐಜಿಎಂ ನೆಗೆಟಿವ್ ಬಂದರೆ ಅದನ್ನೇ ನೆಚ್ಚಿಕೊಳ್ಳಬೇಡಿ, ಮೈ ಆಗಷ್ಟೇ ಪ್ರತಿಕಾಯ ತಯಾರು ಮಾಡುತ್ತಿರುತ್ತದೆ, ಟೆಸ್ಟಿಗೆ ಸಿಗುವಷ್ಟು ಆಗಿರದೇ ಇರಬಹುದು. ಆಗ ಗಂಟಲಲ್ಲಿ ವೈರಸ್ ಸಿಗುವುದು ಜಾಸ್ತಿ. ನಮಗೆ ಗಂಟಲಿನ ಸ್ವ್ಯಾಬ್ ತೆಗೆದು ಪಿಸಿಆರ್‌ಗೆ (ವೈರಸ್ಸನ್ನೇ ಹುಡುಕುವ ಟೆಸ್ಟ್) ಕಳಿಸಿದರು, ಪಾಸಿಟಿವ್ ಬಂತು. ಹೋಗುವ ಮುಂಚೆ ಫೋನ್ ಮಾಡಿ ದಡಾರದ ಅನುಮಾನ ಇದೆ ಅಂತ ಹೇಳಿಬಿಡಿ. ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿಯಬಹುದು. ನಾವು ಗೊತ್ತಿಲ್ಲದೆ ಕೈಗೂಸುಗಳ ಮಧ್ಯೆ ಒಂದು ಗಂಟೆ ಕೂತಿದ್ದೆವು, ಈಗಲೂ ನೆನೆದರೆ ಬೇಜಾರು.

— ನಾನು ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆಯುವವಳು. ನೀರು ತುಂಬಿದ ಗುಳ್ಳೆ ಆಗಿದ್ದರೆ ಲೆಕ್ಕವೇ ಬೇರೆ. ಚಿಕನ್ ಪಾಕ್ಸ್, ಸರ್ಪಸುತ್ತಿಗೆ ರಕ್ತದ ಐಜಿಎಂಗಿಂತ ಗುಳ್ಳೆಯ ಪಿಸಿಆರ್ ವಾಸಿ. ಗುಳ್ಳೆ ಒಡೆದು ಅದರ ಬುಡವನ್ನು ಸ್ವ್ಯಾಬಿನಿಂದ ಗಟ್ಟಿಯಾಗಿ ಉಜ್ಜಬೇಕು. ಉರಿಯುತ್ತದೆ, ನಿಜ. ಪಾಪ ಅಂತ ಮೇಲ್ಮೇಲೆ ಸವರಿದರೆ ಜೀವಕೋಶಗಳೇ ಬರುವುದಿಲ್ಲ, ಕಾಯಿಲೆ ಇದ್ದರೂ ನೆಗೆಟಿವ್ ಬಂದುಬಿಡಬಹುದು. ಒಣಗಿ ಹೋಯಿತು ಅಂತ ಕೈಬಿಡಬೇಡಿ, ಹಕ್ಕಳೆಯಲ್ಲೂ ವೈರಸ್‌ನ ಡಿಎನ್‌ಎ ಚೆನ್ನಾಗಿ ಸಿಗುತ್ತದೆ. ಮನೆಯಲ್ಲಿ ನೀವೇ ಚುಚ್ಚಲು ಹೋಗಬೇಡಿ ಮತ್ತೆ! ಫಾರ್ಮಿನಲ್ಲಿ ದದ್ದು ಎದ್ದ ತಾರೀಕು ಬರೆಸಿ. ಎಷ್ಟೋ ಜನ ಜ್ವರ ಬಂದ ತಾರೀಕು ಹೇಳುತ್ತಾರೆ, ಅಲ್ಲಿಗೆ ನಮ್ಮ ಲೆಕ್ಕ ತಪ್ಪಿತು. ಇತ್ತೀಚೆಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಹಾಕಿಸಿದ್ದರೆ ಅದನ್ನೂ ಹೇಳಿ, ಲಸಿಕೆಯಿಂದಲೂ ದದ್ದು ಬರಬಹುದು, ಐಜಿಎಂ ಪಾಸಿಟಿವ್ ಆಗಬಹುದು.

— ಪಾಸಿಟಿವ್ ಬಂದರೂ ಒಮ್ಮೆಲೇ ಹೆದರಬೇಡಿ. ನಾನು ಬಸುರಿ ಇದ್ದಾಗ ರುಬೆಲ್ಲಾ (ದದ್ದು ಬರಿಸುವ ಇನ್ನೊಂದು ವೈರಸ್ ಸೋಂಕು) ಐಜಿಎಂ ಪಾಸಿಟಿವ್ ಬಂದು ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ಐಜಿಜಿ ಅವಿಡಿಟಿ ಅಂತ ಮಾಡಿಸಿದರು, ಐಜಿಜಿ ಅನ್ನುವ ಪ್ರತಿಕಾಯ ವೈರಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂತ ನೋಡುವುದು. ಅದು ಕಡಿಮೆ ಇದ್ದರೆ ಸೋಂಕು ಹೊಸದಿರಬಹುದು, ಜಾಸ್ತಿ ಇದ್ದರೆ ಹಳೆಯದು. ನನ್ನದು ಜಾಸ್ತಿ ಇತ್ತು. ದದ್ದು ಬರಿಸುವ ಪಾರ್ವೊವೈರಸ್ ಬಿ19 ಅನ್ನುವ ಬೇರೆ ವೈರಸ್ ತಗುಲಿದ್ದರೂ ರುಬೆಲ್ಲಾ ಐಜಿಎಂ ಕೆಲವೊಮ್ಮೆ ಸುಳ್ಳು ಪಾಸಿಟಿವ್ ತೋರಿಸುತ್ತದೆ.

— ಕೇಳಿದವಳು ನಾನೇ. ಇವತ್ತು, ಮೂರನೇ ದಿನ, ಗಂಟಲಿನ ಸ್ವ್ಯಾಬ್ ಕೊಟ್ಟು ಬಂದೆವು, ಫೋನ್ ಮಾಡಿದ್ದಕ್ಕೆ ಹಿಂದಿನ ಬಾಗಿಲಿಂದ ಕರೆದುಕೊಂಡರು. ಸೂಜಿ ಅಲ್ಲ, ಕಡ್ಡಿ ಅಂತ ಗೊತ್ತಾದ ಕೂಡಲೇ ಮಗಳು ತಾನೇ ಬಾಯಿ ತೆರೆದಳು.