ಆಲ್ಪ್ಸ್ ಘಾಟಿಯಲ್ಲಿ ಬಾಡಿಗೆ ಕಾರು: ಓಡಿಸಿದವರು ಹೇಳಿ

ಪ್ರಶ್ನೆ: ಜುಲೈ ತಿಂಗಳಲ್ಲಿ ಕುಟುಂಬದೊಂದಿಗೆ ಸ್ವಿಟ್ಜರ್ಲೆಂಡಿಗೆ ಹೊರಟಿದ್ದೇವೆ. ಜ್ಯೂರಿಚ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಗ್ರಿಮ್ಸೆಲ್, ಫುರ್ಕಾ ಘಾಟಿಗಳನ್ನು ದಾಟುವ ಆಸೆ. ಚಾರ್ಮಾಡಿಯಲ್ಲಿ ಹತ್ತಾರು ವರ್ಷ ಓಡಿಸಿದ್ದೇನೆ. ಅಷ್ಟು ಸಾಲದೇ?

ಉತ್ತರ (ಚಾಲನಾ ತರಬೇತುದಾರ): ತಿರುವಿಗೆ ಸಾಕು, ಅಭ್ಯಾಸಕ್ಕೆ ಸಾಲದು. ಅಲ್ಲಿ ಬಲಬದಿಯ ಸಂಚಾರ, ಸ್ಟೀರಿಂಗ್ ಎಡಕ್ಕೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡಿಸುತ್ತೀರಿ. ಅದು ನಗುವ ಸಂಗತಿ. ನಗಲಾಗದ್ದು ಇನ್ನೊಂದಿದೆ: ಕಾರಿನ ಎಡಬದಿಯ ಅಳತೆಗೆ ಪಳಗಿದ ಕಣ್ಣಿಗೆ ಬಲಬದಿಯ ಅಂದಾಜು ಸಿಗುವುದಿಲ್ಲ. ಗೊತ್ತಿಲ್ಲದೆಯೇ ಕಾರು ಬಲಕ್ಕೆ ಸರಿಯುತ್ತದೆ, ಘಾಟಿಯಲ್ಲಿ ಆ ಬದಿಗೇ ಪ್ರಪಾತ ಬರಬಹುದು. ಒಂದು ದಿನ ಬಯಲಿನಲ್ಲಿ ಓಡಿಸಿ, ಆಮೇಲೆ ಬೆಟ್ಟಕ್ಕೆ ಹೋಗಿ. ಹೊರಡುವ ಮುನ್ನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ, ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ.

ಪ್ರಶ್ನೆ: ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬಸ್ ಬಂದರೆ?

ಉತ್ತರ: ನೀಲಿ ಫಲಕದ ಮೇಲೆ ಹಳದಿ ಕಹಳೆಯ ಚಿತ್ರ ಕಂಡರೆ ಅದು ಅಂಚೆ ಬಸ್ಸಿನ ದಾರಿ. ಅಲ್ಲಿ ಹಳದಿ ಬಸ್ಸಿನ ಚಾಲಕ ಹಿಂದೆ ಹೋಗು ಎಂದು ಕೈಸನ್ನೆ ಮಾಡಿದರೆ ಹೋಗಲೇಬೇಕು, ವಾದವಿಲ್ಲ. ಕುರುಡು ತಿರುವಿನಾಚೆ ಮೂರು ಸ್ವರದ ಹಾರ್ನ್ ಕೇಳಿಸಿದರೆ ಅಗಲವಿರುವಲ್ಲಿಯೇ ನಿಂತುಬಿಡಿ. ಉಳಿದಂತೆ, ಕಡಿದಾದ ದಾರಿಯಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ನಮ್ಮಲ್ಲೂ ಇದೇ ನಿಯಮ, ಅಲ್ಲಿ ಪಾಲಿಸುತ್ತಾರೆ.

ಪ್ರಶ್ನೆ: ಆಟೊಮ್ಯಾಟಿಕ್ ಕಾರು ಸಿಕ್ಕರೆ ಇಳಿಯುವುದು ಸುಲಭವಲ್ಲವೇ?

ಉತ್ತರ: ಜನ ಮೋಸ ಹೋಗುವುದು ಅಲ್ಲೇ. ಫುರ್ಕಾ 2,429 ಮೀಟರ್ ಎತ್ತರದಲ್ಲಿದೆ. ಗೇರನ್ನು ‘ಡಿ’ (ಡ್ರೈವ್) ಯಲ್ಲಿಯೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿದರೆ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬ್ರೇಕ್ ದ್ರವ ಕುದಿದರೆ ಪೆಡಲ್ ಸ್ಪಂಜಿನಂತೆ ಕುಸಿಯುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಲಾರಿ ಚಾಲಕರ ಮಾತು ಅಲ್ಲಿಗೂ ಸಲ್ಲುತ್ತದೆ. ಮ್ಯಾನುಯಲ್ ಸ್ಥಿತಿಗೆ ತಂದು ಎರಡನೇ ಗೇರಿನಲ್ಲಿಡಿ. ಎಂಜಿನ್ ಗುರುಗುಟ್ಟಲಿ, ಹೆದರಬೇಡಿ.

ಪ್ರಶ್ನೆ: ಟೋಲ್ ಎಷ್ಟು?

ಉತ್ತರ: ಹೆದ್ದಾರಿಗೆ 40 ಫ್ರಾಂಕ್‌ನ ವಿನ್ಯೆಟ್, ಅಂದರೆ ಟೋಲ್ ಕಟ್ಟಿದ ಗುರುತು, ಬೇಕು. ಅಲ್ಲಿನ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಹಗಲಿನಲ್ಲೂ ದೀಪ ಉರಿಯುತ್ತಿರಬೇಕು.

ಪ್ರಶ್ನೆ: ಅಮ್ಮನಿಗೆ ಘಾಟಿ ಎಂದರೆ ವಾಂತಿ. ಏನಾದರೂ ದಾರಿ?

ಉತ್ತರ: ಕಾರನ್ನೇ ರೈಲಿಗೆ ಹತ್ತಿಸಿ. ರಿಯಾಲ್ಪ್‌ನಿಂದ ಓಬರ್‌ವಾಲ್ಡ್‌ವರೆಗೆ ಫುರ್ಕಾದ ಅಡಿಯಲ್ಲಿ ಸುಮಾರು 15 ಕಿಲೋಮೀಟರ್ ಸುರಂಗ. ಕಾರಿನೊಳಗೆ ಕುಳಿತೇ ದಾಟಬಹುದು. ತಿರುವೂ ಇಲ್ಲ, ನೋಟವೂ ಇಲ್ಲ. ನೋಟ ಬೇಕೆನ್ನುವವರಿಗೆ ಮೇಲಿನ ದಾರಿ ಇದ್ದೇ ಇದೆ, ಅಮ್ಮನನ್ನು ಮಾತ್ರ ಮುಂದಿನ ಸೀಟಿನಲ್ಲಿ ಕೂರಿಸಿ.