ವಿಪ್ಪಲ್ ಆಪರೇಷನ್ ಆದಮೇಲೆ ಏನೇನು ಗಮನಿಸಬೇಕು? ಅನುಭವ ಇರುವವರು ಹೇಳಿ

ಪ್ರಶ್ನೆ: ಅಪ್ಪನಿಗೆ ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆಭಾಗದಲ್ಲಿ ಗಡ್ಡೆ ಇದೆ. ಸದ್ಯದಲ್ಲೇ ಆ ಭಾಗ ತೆಗೆಯುವ ವಿಪ್ಪಲ್ ಆಪರೇಷನ್. ಆಮೇಲೆ ಲೀಕ್ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ. ಒಂದು ಸಂಶೋಧನೆಗೆ ಸೇರಿಸಿಕೊಳ್ಳಬಹುದಾ ಅಂತಲೂ ಕೇಳಿದ್ದಾರೆ. ದಯವಿಟ್ಟು ಗೊತ್ತಿರುವುದು ಹೇಳಿ.

ಉತ್ತರ: ನನ್ನ ಅಮ್ಮನಿಗೆ ಇದೇ ಆಪರೇಷನ್ ಆಗಿತ್ತು, ಲೀಕೂ ಆಗಿತ್ತು. ಈಗ ಆರಾಮಾಗಿದ್ದಾರೆ, ಮೊದಲು ಧೈರ್ಯ ತಂದುಕೊಳ್ಳಿ. ಗಡ್ಡೆ ಇರುವ ಭಾಗ ತೆಗೆದಮೇಲೆ ಉಳಿದ ಪ್ಯಾಂಕ್ರಿಯಾಸನ್ನು ಕರುಳಿಗೋ ಜಠರಕ್ಕೋ ಹೊಲಿಯುತ್ತಾರೆ. ಗ್ರಂಥಿ ಮೆತ್ತಗಿದ್ದು, ಒಳಗಿನ ನಾಳ ಸಣ್ಣದಿದ್ದರೆ ಆ ಹೊಲಿಗೆ ಕೂರುವುದು ಕಷ್ಟ. ರಸ ಜಿನುಗುತ್ತದೆ, ಅದೇ ಲೀಕ್. ಅದು ಊಟ ಕರಗಿಸುವ ರಸ ಅಲ್ವಾ, ಪಕ್ಕದ ರಕ್ತನಾಳವನ್ನೂ ತಿನ್ನಬಲ್ಲದು. ಭಯ ಅದಕ್ಕೇ.

ಹೊಟ್ಟೆಯೊಳಗಿನ ದ್ರವ ಹೊರಗೆ ಬರಲು ಇಟ್ಟ ಡ್ರೈನ್ ಟ್ಯೂಬಿನ ನೀರನ್ನು ಲ್ಯಾಬಿಗೆ ಕಳಿಸಿ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಒಂದು ಎನ್‌ಜೈಮ್) ನೋಡುತ್ತಾರೆ. 3ನೇ ದಿನ ಅಥವಾ ಆಮೇಲೆ, ರಕ್ತದ ನಾರ್ಮಲ್ ಮಿತಿಯ 3 ಪಟ್ಟಿಗಿಂತ ಜಾಸ್ತಿ ಇದ್ದರೆ ಲೀಕ್ ಇದೆ ಅಂತ ಲೆಕ್ಕ. ಆದರೆ ಬರೀ ಆ ಸಂಖ್ಯೆ ನೋಡಿ ಗಾಬರಿ ಬೀಳಬೇಡಿ. ರೋಗಿಗೆ ತೊಂದರೆ ಇಲ್ಲದಿದ್ದರೆ ಅದನ್ನು ಫಿಸ್ಟುಲಾ (ತೊಂದರೆ ಕೊಡುವ ಲೀಕ್) ಅಂತ ಕರೆಯುವುದಿಲ್ಲ ಎಂದು 2016ರಲ್ಲಿ ಸರ್ಜನ್‌ಗಳ ಅಂತರರಾಷ್ಟ್ರೀಯ ತಂಡವೇ ನಿಯಮ ಬದಲಿಸಿತು. ಅಮ್ಮನ ಡ್ರೈನ್ ಮೊದಲು ತಿಳಿ ಕೆಂಪಿತ್ತು, ಆಮೇಲೆ ಮಬ್ಬು ಕಂದು ಬಣ್ಣಕ್ಕೆ ತಿರುಗಿತು, ಜೊತೆಗೆ ಜ್ವರ ಬಂತು. ಸ್ಕ್ಯಾನ್ ಮಾಡಿ, ಚರ್ಮದ ಮೂಲಕ ಇನ್ನೊಂದು ಟ್ಯೂಬ್ ಹಾಕಿದರು. ಮತ್ತೆ ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಟ್ಯೂಬಿನಲ್ಲಿ ಹೊಸ ರಕ್ತ ಕಂಡರೆ ಮಾತ್ರ, ಸ್ವಲ್ಪವೇ ಇರಲಿ, ನಡುರಾತ್ರಿಯಾದರೂ ಹೇಳಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಚೂರು ಕಾಣಿಸಿಕೊಳ್ಳುವುದುಂಟು.

ಇನ್ನೊಬ್ಬರು: ನಾನು ಸರ್ಜರಿ ವಾರ್ಡಿನ ನರ್ಸ್. ಮೇಲಿನವರು ಹೇಳಿದ್ದು ಪೂರ್ತಿ ನಿಜ. ನೆದರ್ಲೆಂಡ್ಸ್‌ನಲ್ಲಿ ಈ ಆಪರೇಷನ್ ಮಾಡುವ 17 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು, 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಪರೇಷನ್ ಬದಲಿಸಲಿಲ್ಲ. ಆಮೇಲೆ ನಿಗಾ ಇಡುವ ರೀತಿ ಬದಲಿಸಿದರು: ದಿನಾ ಜ್ವರ, ನಾಡಿ, ರಕ್ತಪರೀಕ್ಷೆ, ಡ್ರೈನ್ ನೋಡಿ, ಯಾವಾಗ ಸ್ಕ್ಯಾನ್, ಯಾವಾಗ ಡ್ರೈನ್ ತೆಗೆಯುವುದು ಅಂತ ಒಂದೇ ಕ್ರಮ. ದೇಹದೊಳಗೆ ಹೋಗಿ ಚಿಕಿತ್ಸೆ ಮಾಡಬೇಕಾದ ರಕ್ತಸ್ರಾವ, ಅಂಗ ವೈಫಲ್ಯ, ಸಾವು ಮೂರೂ ಸೇರಿ ಶೇ. 14ರಿಂದ ಶೇ. 8ಕ್ಕೆ ಇಳಿಯಿತು. ನನಗಂತೂ ಇದಕ್ಕಿಂತ ಸಂತೋಷದ ಸುದ್ದಿ ಇಲ್ಲ. ಹಾಗಾಗಿ, "ಯಾಕೋ ಇವತ್ತು ಮಂಕಾಗಿದ್ದಾರೆ" ಅನಿಸಿದರೂ ಸುಮ್ನಿರಬೇಡಿ, ನಮಗೆ ಹೇಳಿ.

ಮತ್ತೊಬ್ಬರು: ಆಪರೇಷನ್ ಆದಮೇಲೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗಬಹುದು. ವಾಂತಿ, ಮೂಗಿನ ಟ್ಯೂಬ್ ಎಲ್ಲ ಸಾಮಾನ್ಯ. ತಾಳ್ಮೆ ಬೇಕು.

ಕೊನೆಗೆ ನಾನು, ಈ ಆಪರೇಷನ್ ಮಾಡಿಸಿಕೊಂಡವನು: ಸಂಶೋಧನೆಗೆ ನಾನು ಒಪ್ಪಿದ್ದೆ. ಸಹಿ ಹಾಕುವ ಮುಂಚೆ ಮೂರು ವಿಷಯ ಕೇಳಿ. ಮಾಮೂಲಿ ಚಿಕಿತ್ಸೆಗಿಂತ ಇದರಲ್ಲಿ ಏನು ಬೇರೆ? ಯಾವ ಗುಂಪಿಗೆ ಅಂತ ಚೀಟಿ ಎತ್ತಿದಂತೆ ನಿರ್ಧಾರ ಆಗುತ್ತದಾ? ಮಧ್ಯದಲ್ಲಿ ಬೇಡ ಅನ್ನಿಸಿದರೆ ಚಿಕಿತ್ಸೆಗೆ ತೊಂದರೆ ಇಲ್ಲದೆ ಬಿಡಬಹುದಾ? ಬಿಡುವ ಹಕ್ಕು ನಿಮಗೆ ಇದ್ದೇ ಇರುತ್ತದೆ. ಅಪಾಯ ಕಮ್ಮಿ ಇರುವವರಲ್ಲಿ ಡ್ರೈನ್ ಬೇಗ ತೆಗೆದರೆ ಒಳ್ಳೆಯದು ಅಂತ ಗೊತ್ತಾಗಿದ್ದೂ ಹೀಗೆ ಯಾರೋ ಒಪ್ಪಿದ್ದರಿಂದಲೇ. ಮನೆಗೆ ಬಂದಮೇಲೆ ಮಲ ಜಿಡ್ಡುಜಿಡ್ಡಾಗಿ ತೇಲಿದರೆ ಊಟ ಕರಗಿಸುವ ಎನ್‌ಜೈಮ್ ಮಾತ್ರೆ ಬೇಕೇನೋ ಡಾಕ್ಟರನ್ನು ಕೇಳಿ. ಅದನ್ನು ಊಟದ ಜೊತೆಗೇ ನುಂಗಬೇಕು. ಶುಗರ್ ಕೂಡ ಆಗಾಗ ನೋಡಿಸುತ್ತಿರಿ.